ತೊನ್ನಿನ ಮೈ, ತೆರೆದ ಮಾಳಿಗೆ: ನನ್ನ ಅನುಭವ

ಬಟ್ಟೆ ಇಲ್ಲದೆ ಇದ್ದೂ ಇದ್ದೂ ಮೈಯ ನಾಚಿಕೆ ಹೋಗುತ್ತೆ ಅಂದಾಗ ಗೆಳೆಯರು ಯಾರೂ ನಂಬಲಿಲ್ಲ. ನನ್ನಾಕೆಯಂತೂ "ಈ ವಯಸ್ಸಲ್ಲಿ ಇದೇನ್ರೀ?" ಅಂದಳು. ತುಂಬುತೋಳಿನ ಅಂಗಿ ಬಿಟ್ಟು ಈಗ 2 ವರ್ಷ ಆಯಿತು.

ನನಗೆ 26ಕ್ಕೆ ತೊನ್ನು ಶುರುವಾಯಿತು. ಮುಲಾಮು, ಲೇಹ್ಯ, ಆ ಎಣ್ಣೆ ಈ ಎಣ್ಣೆ ಅಂತ 70,000 ಹತ್ತಿರ ಹೋಗಿರಬೇಕು. ಮಚ್ಚೆ ಹೋಗಲಿಲ್ಲ.

ಕನ್ನಡಿ ಮುಂದೆ ನಿಲ್ಲಿ ಅಂತ ಎಲ್ಲರೂ ಹೇಳ್ತಾರಲ್ವಾ, ಮೊದಲು ಅದನ್ನೇ ಮಾಡಿದೆ. ಸುಮಾರು 20 ದಿನ. ಕಣ್ಣು ನೆಟ್ಟಗೆ ಹೊಟ್ಟೆ ಮೇಲಿನ ಬಿಳಿಗೇ ಹೋಗುತ್ತಿತ್ತು. ನಿನ್ನೆಗಿಂತ ಕೂದಲೆಳೆಯಷ್ಟು ಹರಡಿದೆಯಾ ಅಂತ ನೋಡೋದೇ ಕೆಲಸ. ಇದ್ದ ಧೈರ್ಯವೂ ಹೋಯಿತು. ಕನ್ನಡಿಗೆ ಟವೆಲ್ ಹಾಕಿಬಿಟ್ಟೆ.

ಆಮೇಲೆ ಮಾಳಿಗೆ ಮೇಲೆ ಬಟ್ಟೆ ಇಲ್ಲದೆ ಇದ್ದು ನೋಡೋಣ ಅಂದುಕೊಂಡೆ. ಹೊರಗೆ ಎಲ್ಲೆಂದರಲ್ಲಿ ಹೀಗಿರೋಕೆ ಕಾನೂನು ಬಿಡಲ್ಲ, ಮರೆ ಬೇಕೇ ಬೇಕು. ದಾವಣಗೆರೆ ಮಂಡಿಪೇಟೆಯಿಂದ ಹಸಿರು ಬಲೆ ತಂದು ಕಟ್ಟಿದೆ, 2,800 ಇರಬೇಕು. ಸಂಜೆ ದೀಪ ಹಾಕಿ ರಸ್ತೆಗಿಳಿದು ನೋಡಿದರೆ ಒಣಹಾಕಿದ ಪಂಚೆಯ ಅಂಚೂ ಕಾಣುತ್ತಿತ್ತು. ದುಡ್ಡು ದಂಡ. ಕೊನೆಗೆ ತಗಡು ಹೊಡೆಸಿದೆ, ಕೂಲಿ ಸೇರಿ 11,000.

ಮೊದಲ ವಾರವೇ ಬೆನ್ನು ಸುಟ್ಟುಕೊಂಡೆ. ಬೆಳಗ್ಗೆ 11ರ ಬಿಸಿಲು, ಅರ್ಧ ಗಂಟೆ. ಬಿಳಿ ಇದ್ದಲ್ಲೆಲ್ಲ ಬೊಬ್ಬೆ. ಅಲ್ಲಿ ಬಿಸಿಲು ತಡೆಯುವ ಬಣ್ಣವೇ ಇಲ್ಲ ನೋಡಿ. ಈಗ 8 ಗಂಟೆಯೊಳಗೆ ಮುಗಿಸುತ್ತೇನೆ, ಸನ್‌ಸ್ಕ್ರೀನ್ ತಪ್ಪಿಸಲ್ಲ.

ಸುಮ್ನೆ ಕೂತರೆ ಇದು ಆಗಲ್ಲ. ಕೂತರೆ ಮತ್ತೆ ಮೈಯನ್ನೇ ನೋಡ್ತೀವಿ. ಒಂದಿನ ಕುಂಡದ ಮೆಣಸಿನ ಗಿಡಗಳ ಮಣ್ಣು ಸಡಿಲಿಸುತ್ತಿದ್ದೆ. ಉಗುರಲ್ಲಿ ಗೊಬ್ಬರ, ಮೊಣಕಾಲಿಗೆ ಕೆಸರು. ಕೈ ತೊಳೆಯುವಾಗ ಹೊಳೆಯಿತು, ಅಷ್ಟು ಹೊತ್ತು ಮಚ್ಚೆ ನೆನಪೇ ಆಗಿರಲಿಲ್ಲ! ಅವತ್ತಿಂದ ಅವರೆಕಾಯಿ ಸುಲಿಯೋದು, ಅಂಗಡಿ ಲೆಕ್ಕ ಬರೆಯೋದು ಎಲ್ಲ ಅಲ್ಲೇ, ಹಾಗೇ. ನಾಚಿಕೆ ಹೋಗೋಕೆ ಎರಡು ತಿಂಗಳು ಹಿಡಿಯಿತು. ಬೇಸಿಗೆಯಲ್ಲಿ ಬರೀ ಚಾಪೆ ಮೇಲೆ ಮಲಗಿಯೂ ನೋಡಿದೆ, ವರ್ಷಾವರ್ಷ ಕಾಡುತ್ತಿದ್ದ ಬೆವರುಸಾಲೆ ಬರಲಿಲ್ಲ.

ಕಳೆದ ಸಂಕ್ರಾಂತಿಗೆ ಹರಿಹರದಲ್ಲಿ ತುಂಗಭದ್ರೆಗೆ ಇಳಿದೆವು. ಎಲ್ಲರ ಮುಂದೆ ಅಂಗಿ ಬಿಚ್ಚಿದೆ, 19 ವರ್ಷದ ಮೇಲೆ. ಭಾಮೈದನ ಮಗ ಬೆನ್ನು ಮುಟ್ಟಿ, "ಮಾಮ, ಇದು ಅಂಟುತ್ತಾ?" ಅಂದ.

"ಅಂಟಲ್ಲ ಪುಟ್ಟಾ. ಬಣ್ಣ ಹೋಗಿದೆ ಅಷ್ಟೇ."

"ಹಾಗಾದ್ರೆ ಹತ್ತಲಾ?" ಅಂತ ಕೇಳಿ ಬೆನ್ನೇರಿ ಕೂತ. ನಡುನೀರಿನ ಬಂಡೆಯವರೆಗೂ ಇಳಿಯಲಿಲ್ಲ.