ತುರ್ತಿಗೆಂದು ಎತ್ತಿಟ್ಟ ಟಾರ್ಚ್: ನಾನು ನೋಡಿಕೊಳ್ಳುವ ಬಗೆ

ಎತ್ತಿಟ್ಟ ಟಾರ್ಚ್ ಕೆಡುವುದು ಉರಿಸಿ ಉರಿಸಿ ಅಲ್ಲ, ಇಟ್ಟಲ್ಲೇ ಇಟ್ಟು. ಎಲ್‌ಇಡಿ ಸುಟ್ಟುಹೋಗುವುದು ಅಪರೂಪ. ಕೈಕೊಡುವುದು ಸೆಲ್ಲು, ಸ್ಪ್ರಿಂಗು, ಸ್ವಿಚ್ಚು.

ಆಲ್ಕಲೈನ್ ಸೆಲ್ಲನ್ನು ನಾನು ಟಾರ್ಚಿನೊಳಗೆ ಬಿಡುವುದೇ ಇಲ್ಲ. ಅದರೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿದರೆ ಅಲ್ಯೂಮಿನಿಯಂ ಕೊಳವೆಯನ್ನು ತಿನ್ನುತ್ತದೆ. ಸೆಲ್ಲು ಅಲ್ಲೇ ಕಚ್ಚಿಕೊಂಡರೆ ಟಾರ್ಚಿನ ಆಸೆ ಬಿಟ್ಟಂತೆಯೇ. ಸೆಲ್ಲುಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ರಬ್ಬರ್ ಬ್ಯಾಂಡಿನಿಂದ ಟಾರ್ಚಿಗೇ ಕಟ್ಟಿಡುತ್ತೇನೆ. ಗುಬುಟಿರುವ ತುದಿ ಯಾವ ಕಡೆ ಹೋಗಬೇಕೆಂದು ಕಣ್ಣುಮುಚ್ಚಿ ಹಾಕಿ ರೂಢಿ ಮಾಡಿಕೊಂಡಿದ್ದೇನೆ. ಒಳಗೇ ಇರಬೇಕೆಂದರೆ ಚಾರ್ಜ್ ಆಗದ 1.5 ವೋಲ್ಟಿನ ಲಿಥಿಯಂ ಸೆಲ್ಲು ಹಾಕುತ್ತೇನೆ; ದುಬಾರಿ, ಆದರೆ ಸೋರುವುದು ತೀರಾ ಕಡಿಮೆ.

ಸೋರಿ ಬಿಳಿ ಪುಡಿ ಕಟ್ಟಿದ್ದರೆ ಚಾಕುವಿನಿಂದ ಕೆರೆಯಬೇಡಿ, ಸ್ಪ್ರಿಂಗಿನ ಲೇಪ ಎದ್ದು ಆಮೇಲೆ ತುಕ್ಕು ಹಿಡಿಯುತ್ತದೆ. ಕೈಗವಸು ಹಾಕಿಕೊಂಡು, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಒತ್ತುತ್ತೇನೆ. ಸಣ್ಣಗೆ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಒದ್ದೆ ಕಡ್ಡಿಯಿಂದ ಹುಳಿಯನ್ನು ಪೂರ್ತಿ ಒರೆಸಿ, ಒಂದು ದಿನ ತೆರೆದಿಟ್ಟು ಒಣಗಿಸುತ್ತೇನೆ.

ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಸುಮ್ಮನೆ ಮಲ್ಟಿಮೀಟರ್ ಹಿಡಿದರೆ ಸೊರಗಿದ ಸೆಲ್ಲೂ ಚೆನ್ನಾಗಿಯೇ ತೋರುತ್ತದೆ. ಹತ್ತು ನಿಮಿಷ ಪೂರ್ಣ ಬೆಳಕಿನಲ್ಲಿ ಉರಿಸಿ, ತಕ್ಷಣ ತೆಗೆದು ಒಂದೊಂದನ್ನೇ ಅಳೆಯಿರಿ. ಒಂದು ಸೆಲ್ಲು ಉಳಿದವಕ್ಕಿಂತ 0.1 ವೋಲ್ಟ್ ಕೆಳಗಿದ್ದರೂ ಇಡೀ ಜೊತೆಯನ್ನು ಬದಲಿಸುತ್ತೇನೆ. ಹಳತು ಹೊಸತು ಬೆರೆಸಿದರೆ ಮೊದಲು ಖಾಲಿಯಾದದ್ದರ ಮೂಲಕ ಉಳಿದವು ಕರೆಂಟನ್ನು ಬಲವಂತವಾಗಿ ಹರಿಸಿ, ಅದರ ಪ್ಲಸ್-ಮೈನಸ್ ಉಲ್ಟಾ ಆಗಿ ಸೋರಿಕೆ ಶುರುವಾಗುತ್ತದೆ. ತೆಗೆದವು ಗೋಡೆ ಗಡಿಯಾರಕ್ಕೆ ಸಾಕು.

18650 ಎಂಬ, ಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಸೆಲ್ಲಿನ ಲೆಕ್ಕ ಬೇರೆ. 4.2 ವೋಲ್ಟಿಗೆ ತುಂಬಿಸಿಯೇ ಇಟ್ಟರೆ ಬೇಗ ಮುಪ್ಪಾಗುತ್ತದೆ, 2.5ಕ್ಕಿಂತ ಕೆಳಗಿಳಿದದ್ದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ. 4 ವೋಲ್ಟಿನ ಆಸುಪಾಸಿನಲ್ಲಿ ಇಡುತ್ತೇನೆ, ತುರ್ತಿಗೂ ಸಾಲುತ್ತದೆ. ಎಲೆಕ್ಟ್ರಾನಿಕ್ ಸ್ವಿಚ್ಚು ಆರಿಸಿದ್ದಾಗಲೂ ಚೂರುಚೂರೇ ಕರೆಂಟು ಹೀರುತ್ತದೆ. ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಬಹುಪಾಲು ಟಾರ್ಚುಗಳಲ್ಲಿ ಅದು ನಿಲ್ಲುತ್ತದೆ. ಸಡಿಲಿಸಿದ ಮೇಲೆ ಸ್ವಿಚ್ಚು ಒತ್ತಿ ನೋಡಿ: ಹತ್ತಿಕೊಂಡರೆ ಆ ಟಾರ್ಚಿಗೆ ಈ ಉಪಾಯ ನಡೆಯದು, ಸೆಲ್ಲನ್ನೇ ಹೊರಗಿಡಬೇಕು.

ಮುಚ್ಚಳದ ರಬ್ಬರ್ ರಿಂಗಿಗೆ ವರ್ಷಕ್ಕೊಮ್ಮೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್.