ಹಳೇ ಜಿಪ್ಸಿಗೆ ದೊಡ್ಡ ಎಂಜಿನ್ ಕೂರಿಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ನಮ್ಮ ತೋಟದೊಳಗೆ ಮುರಕಲ್ಲು ಕಡಿದು ಮಾಡಿದ ಒಂದು ಚಡವು, ಅಂದರೆ ಕಡಿದಾದ ಏರುದಾರಿ, ಇದೆ. ಗೊಬ್ಬರದ ಮೂಟೆ ಹೇರಿದ ಹಳೇ ಮಾರುತಿ ಜಿಪ್ಸಿ ಜೀಪು ಅದನ್ನು ಹತ್ತುತ್ತಿತ್ತು, ಇಲ್ಲ ಅಂತಲ್ಲ. ಆದರೆ ಸೊಪ್ಪಿನ ಹೊರೆ ಹೊತ್ತ ಆಳು ಪಕ್ಕದಲ್ಲೇ ನಡೆದು ನಮ್ಮನ್ನು ಹಿಂದೆ ಹಾಕುತ್ತಿದ್ದ. ಹೋಗುವಾಗ ಒಮ್ಮೆ ತಿರುಗಿ ನಗುತ್ತಿದ್ದ ಬೇರೆ.

1985ರ ಕೊನೆಗೆ ಬಂದ ಮೊದಲ ಮಾದರಿಯ ಜಿಪ್ಸಿಗೆ, ಅಂದರೆ 410ಕ್ಕೆ, ಇದ್ದದ್ದು 970 ಸಿಸಿ ಎಂಜಿನ್. ಶಕ್ತಿ ಸುಮಾರು 45 ಎಚ್‌ಪಿ. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ, 60 ಎಚ್‌ಪಿ. 2000ದಲ್ಲಿ ಅದೇ 1.3 ಲೀಟರ್ ಎಂಜಿನ್‌ಗೆ ಹದಿನಾರು ವಾಲ್ವು ಮತ್ತು ಕಾರ್ಬುರೇಟರ್ ಬದಲು ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದು 80 ಎಚ್‌ಪಿ ಆಯಿತು. ಕಿಂಗ್‌ನ ಎಂಜಿನ್ ಅನ್ನು ಹಳೇ 410ಕ್ಕೆ ಕೂರಿಸುವ ಕೆಲಸದ ಬಗ್ಗೆ ಇಲ್ಲಿ ಹೇಳುತ್ತೇನೆ.

ಇದ್ದ ಎಂಜಿನ್ನನ್ನೇ ಬೋರ್ ಮಾಡಿಸಿದರೆ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಅಗಲ ಮಾಡಿಸಿದರೆ, ಸಾಕಲ್ವಾ ಎಂದು ತುಂಬ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಹಳೇ ಎಂಜಿನ್‌ನ ಬೋರ್, ಅಂದರೆ ಸಿಲಿಂಡರಿನ ಅಗಲ, 65.5 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 72 ಮಿ.ಮೀ. ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಿದರೆ 970 ಇದ್ದದ್ದು 985 ಆಗುತ್ತದೆ. ಸಿಕ್ಕಿದ್ದು ಬರೀ ಹದಿನೈದು ಸಿಸಿ, ಕೆಮ್ಮಿನ ಔಷಧದ ಮುಚ್ಚಳದಲ್ಲಿ ಹಿಡಿಯುವಷ್ಟು. ಬೋರ್ ಮಾಡಿಸುವುದು ಸವೆದ ಎಂಜಿನ್ ಸರಿಪಡಿಸಲಿಕ್ಕೆ, ದೊಡ್ಡದು ಮಾಡಲಿಕ್ಕಲ್ಲ. ಕಿಂಗ್ ಎಂಜಿನ್‌ನ ಬೋರ್ 74, ಸ್ಟ್ರೋಕ್ 75.5.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಇದನ್ನು ಕೊನೆಗೆ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ಮಾಲೀಕ ಹೀಗೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಟ್ಟ ಎಂಜಿನ್ ತೆಗೆದು ಅದೇ ಜಾತಿಯದ್ದನ್ನು ಅನುಮತಿ ತಗೊಂಡು ಹಾಕುವುದು ಬೇರೆ ವಿಷಯ. 970 ಜಾಗದಲ್ಲಿ 1298 ಹಾಕಿ ಕೆಎಲ್-14 (ಕಾಸರಗೋಡು) ನಂಬರ್ ಬೋರ್ಡಿನಲ್ಲಿ ಪೇಟೆಗೆ ಹೋಗುತ್ತೇನೆ ಅಂದರೆ ಬೇಡ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಎಂಜಿನ್ ನಂಬರ್.

ನಮ್ಮ ಜಿಪ್ಸಿಯ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಿದ್ದೇವೆ. ಅದು ಬೇಲಿ ದಾಟುವುದಿಲ್ಲ. ನಿಮ್ಮದು ಏನೇ ಇರಲಿ, ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಉತ್ತರ ಬರಹದಲ್ಲೇ ತಗೊಳ್ಳಿ.

ಬಿಡಿಬಿಡಿ ಬೇಡ, ಸೆಟ್ ತಗೊಳ್ಳಿ

ಇಲ್ಲಿ ನಾನು ಕೈ ಸುಟ್ಟುಕೊಂಡೆ. ಮಾರುತಿ ಎಸ್ಟೀಮ್ ಕಾರಿಗೂ ಕಿಂಗ್ ಜಿಪ್ಸಿಗೂ ಒಂದೇ ಕುಟುಂಬದ 1.3 ಎಂಜಿನ್. ಗುಜರಿಯಲ್ಲಿ ಎಸ್ಟೀಮ್‌ನದ್ದು ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಯಿಂದ ಪಿಕಪ್‌ನಲ್ಲಿ ಹಾಕಿ ತಂದೆ. ನಾವೆಲ್ಲ ಇಚ್ಚ ಎಂದು ಕರೆಯುವ ಮೆಕ್ಯಾನಿಕ್ ಸುತ್ತ ಒಂದು ಸುತ್ತು ಬಂದು, "ಭಟ್ರೇ, ಇದು ಕೂರಬಹುದು, ಆದರೆ ಬಾಳಲಿಕ್ಕಿಲ್ಲ" ಎಂದರು. ನಾನು ಕೇಳಲಿಲ್ಲ.

ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಕ್ಕೆ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಮೌಂಟಿಂಗ್ ಕಿವಿಗಳು ಬೇರೆ, ಮ್ಯಾನಿಫೋಲ್ಡ್ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ಆಯಿಲ್ ನಿಲ್ಲುವ ಅಡಿಯ ತಟ್ಟೆ, ಅಂದರೆ ಸಂಪ್, ಬೇರೆ. ಜಿಪ್ಸಿಯ ಎಂಜಿನ್ ಕೆಳಗೆ ಮುಂದಿನ ಆಕ್ಸಲ್, ಅಂದರೆ ಎರಡು ಮುಂಚಕ್ರಗಳನ್ನು ಜೋಡಿಸುವ ದಂಡ, ಇರುತ್ತದೆ. ಅದಕ್ಕೆ ಜಾಗ ಬಿಟ್ಟೇ ಜಿಪ್ಸಿಯ ಸಂಪ್ ಮಾಡಿದ್ದಾರೆ. ನಾವು ಎಂಜಿನ್ ಇಳಿಸಿ ಟಾರ್ಚ್ ಹಾಕಿ ನೋಡಿದಾಗ ಎರಡು ಬೆರಳು ಜಾಗ ಇತ್ತು. ನಿಂತ ಗಾಡಿಗೆ ಎರಡು ಬೆರಳು ಧಾರಾಳ. ಇಚ್ಚ ಮಾತಾಡಲಿಲ್ಲ. ಮನೆಯಿಂದ ಒಂದು ಉಂಡೆ ಚಪಾತಿ ಹಿಟ್ಟು ತರಿಸಿ ಸಂಪ್‌ಗೂ ಆಕ್ಸಲ್‌ಗೂ ನಡುವೆ ಇಟ್ಟರು. ನಾಲ್ಕು ಜನ ಬಂಪರ್ ಮೇಲೆ ಹತ್ತಿ ಕುಣಿದೆವು. ಹಿಟ್ಟು ತೆಗೆದಾಗ ಹಪ್ಪಳ ಆಗಿತ್ತು, ನಡುವೆ ಒಂದು ತೂತು. ತೋಟದ ಗುಂಡಿಗೆ ಚಕ್ರ ಇಳಿದ ಮೊದಲ ದಿನವೇ ಸಂಪ್ ಒಡೆದು ಆಯಿಲ್ ಎಲ್ಲ ಮಣ್ಣುಪಾಲಾಗುತ್ತಿತ್ತು.

ಜಿಪ್ಸಿಯ ಸಂಪ್, ಆಯಿಲ್ ಎಳೆಯುವ ಪೈಪು, ಬ್ರಾಕೆಟ್ಟು ಎಂದು ಒಂದೊಂದೇ ಹುಡುಕಿ ಎಸ್ಟೀಮ್ ಎಂಜಿನ್ನನ್ನು ಸರಿಹೊಂದಿಸಿದವರಿದ್ದಾರೆ. ಆದರೆ ಒಂದೊಂದು ತುಂಡಿಗೂ ಒಂದೊಂದು ಸಲ ಕಾಸರಗೋಡು, ಇನ್ನೊಂದಕ್ಕೆ ಮಂಗಳೂರು. ಕಿಂಗ್‌ನ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹೋಗುವ ಪುಟ್ಟ ಶಾಫ್ಟ್, ರೇಡಿಯೇಟರ್, ಮೌಂಟಿಂಗ್‌ಗಳು, ಸ್ಟಾರ್ಟರ್, ಕಾರ್ಬುರೇಟರ್, ಆಕ್ಸಿಲರೇಟರ್ ಕೇಬಲ್ ಎಲ್ಲ ಒಂದೇ ಗಾಡಿಯಿಂದ ತಗೊಳ್ಳಿ. ಹಳೇ ನಾಲ್ಕು ಗೇರಿನ ಬಾಕ್ಸನ್ನೇ ಇಟ್ಟುಕೊಳ್ಳುತ್ತೇನೆ ಎನ್ನುವ ಆಸೆ ಬಿಡಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಬೋಲ್ಟ್‌ಗಳು ತಾಳೆಯಾಗುವುದಿಲ್ಲ.

ಎಂಪಿಎಫ್‌ಐ ಎಂಜಿನ್ ಹಾಕಿದರೆ ಶಕ್ತಿ ಜಾಸ್ತಿ, ನಿಜ. ಜೊತೆಗೆ ಇಸಿಯು ಎನ್ನುವ ಕಂಪ್ಯೂಟರ್, ಸೆನ್ಸರ್‌ಗಳು, ಪೂರ್ತಿ ವೈರಿಂಗ್, ಪ್ರೆಷರ್ ಪಂಪು, ಟ್ಯಾಂಕಿಗೆ ರಿಟರ್ನ್ ಲೈನು ಎಲ್ಲ ಬರಬೇಕು. ತೋಟದ ಶೆಡ್ಡಿನಲ್ಲಿ ಹೆಗ್ಗಣ ವೈರ್ ಕಚ್ಚಿದರೆ ಗಾಡಿ ಅಲ್ಲೇ. ನಾನು ಕಾರ್ಬುರೇಟರ್ ಪಕ್ಷ.

ಸೆಕೆಂಡ್‌ಹ್ಯಾಂಡ್ ಎಂಜಿನ್ ತಗೊಳ್ಳುವಾಗ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಲ್ಲದೆ ಹೋಗಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಸ್ಟಾರ್ಟರ್ ತಿರುಗಿಸಿ. ಒಳ್ಳೆ ಎಂಜಿನ್ ಚದರ ಸೆಂ.ಮೀ.ಗೆ 14 ಕೆ.ಜಿ. ಹತ್ತಿರ ತೋರಿಸುತ್ತದೆ. 12ಕ್ಕಿಂತ ಕಡಿಮೆಯಾದರೆ ರಿಂಗೋ ವಾಲ್ವೋ ಹೋಗಿದೆ. ಸಿಲಿಂಡರ್ ಸಿಲಿಂಡರ್ ನಡುವೆ 1 ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೂ ಬೆಲೆ ಇಳಿಸಿ, ಇಲ್ಲವೇ ಬಿಟ್ಟು ಬನ್ನಿ.

ಬಿಚ್ಚುವುದು, ಕೂರಿಸುವುದು

ಬ್ಯಾಟರಿ ಕಳಚಿ. ಪೆಟ್ರೋಲ್ ಪೈಪು ಬಿಚ್ಚಿ ಬಾಯಿ ಮುಚ್ಚಿ. ಪ್ರತಿ ವೈರಿಗೆ ಚೀಟಿ ಅಂಟಿಸಿ ಫೋಟೋ ತೆಗೆಯಿರಿ. ಹಲಸಿನ ಕೊಂಬೆಗೆ ಚೈನ್ ಬ್ಲಾಕ್ ನೇತುಹಾಕುವ ಅಭ್ಯಾಸ ನಮ್ಮ ಕಡೆ ಇದೆ. ಬೇಡ. ದಪ್ಪ ಕಬ್ಬಿಣದ ಪೈಪಿನ ಮುಕ್ಕಾಲಿ ಬಾಡಿಗೆಗೆ ತನ್ನಿ. ನೇತಾಡುವ ಎಂಜಿನ್ ಅಡಿಗೆ ಯಾವ ಕಾರಣಕ್ಕೂ ಕೈ, ತಲೆ ಹಾಕಬೇಡಿ.

ಹೊಸ ಎಂಜಿನ್ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಬದಲಿಸಿಬಿಡಿ. ಸೀಲ್‌ಗೆ ಖರ್ಚು ಸ್ವಲ್ಪವೇ. ಆಮೇಲೆ ಅದೇ ಸೀಲ್‌ಗಾಗಿ ಗೇರ್‌ಬಾಕ್ಸ್ ಇಳಿಸುವುದಕ್ಕೆ ಎರಡು ದಿನ.

ಮೌಂಟಿಂಗ್ ಬ್ರಾಕೆಟ್‌ಗಳ ಜಾಗ ಬೇರೆಯಾಗುತ್ತದೆ, ಚಾಸಿಸ್‌ಗೆ ವೆಲ್ಡ್ ಮಾಡಬೇಕು. ಮೊದಲು ಗೇರ್‌ಬಾಕ್ಸ್ ಸಮೇತ ಎಂಜಿನ್ ಇಳಿಸಿ, ಹಿಂದಿನ ಪುಟ್ಟ ಶಾಫ್ಟ್ ಜೋಡಿಸಿ, ರೇಡಿಯೇಟರ್ ಫ್ಯಾನ್, ಸ್ಟೀರಿಂಗ್, ಆಕ್ಸಲ್ ಎಲ್ಲಕ್ಕೂ ಜಾಗ ಇದೆಯೇ ನೋಡಿ. ಬ್ರಾಕೆಟ್‌ಗಳನ್ನು ಬರೀ ಟ್ಯಾಕ್ ಮಾಡಿ, ಅಂದರೆ ಚುಕ್ಕಿ ವೆಲ್ಡಿಂಗ್ ಹಾಕಿ, ನಿಲ್ಲಿಸಿ. ಚಪಾತಿ ಹಿಟ್ಟಿನ ಪರೀಕ್ಷೆ ಮಾಡಿ. ಆಮೇಲೆ ಎಂಜಿನ್ ಮತ್ತೆ ಎತ್ತಿ ಪೂರ್ತಿ ವೆಲ್ಡಿಂಗ್. ಒಂದೇ ಸಲಕ್ಕೆ ಮುಗಿಸುವ ಅವಸರ ಮಾಡಿದರೆ ಕಟ್ಟಿಂಗ್ ವೀಲ್‌ಗೆ ಕೆಲಸ.

ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್ ಹಳೇದನ್ನೇ ಉಳಿಸಿಕೊಂಡೆ. ಅದರ ಗೇರಿಂಗ್ ನಿಧಾನದ್ದು, ಚಡವಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಲೋ, ಅಂದರೆ ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರು, ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಹಳೇ ಆಕ್ಸಲ್ ಶಾಫ್ಟ್ ತುಂಡಾದೀತು. ಪಾದ ಹಗುರ ಇರಲಿ.

ನೀರು ಮತ್ತು ಬ್ರೇಕು

ಕಿಂಗ್ ಎಂಜಿನ್ ಅಲ್ಯೂಮಿನಿಯಂನದ್ದು. ಒಮ್ಮೆ ಬಿಸಿಯೇರಿದರೆ ಹೆಡ್ ಬಾಗುತ್ತದೆ. ತಗೊಂಡ ಎಂಜಿನ್‌ನ ಹೆಡ್ ತೆಗೆಯುವ ಪ್ರಸಂಗ ಬಂದರೆ ಲೇತ್‌ನವರಲ್ಲಿ ಮಟ್ಟ ನೋಡಿಸಿ, 0.05 ಮಿ.ಮೀ.ಗಿಂತ ಜಾಸ್ತಿ ಬಾಗಿರಬಾರದು. ಹಳೇ ರೇಡಿಯೇಟರ್ ಇದಕ್ಕೆ ಸಾಲದು. ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗದ ನೀರು ಕುಡಿಯಲು ಅಮೃತ, ರೇಡಿಯೇಟರ್‌ಗೆ ಬೇಡ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬೆರೆಸಿಯೇ ಹಾಕಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ.

ಶಕ್ತಿ ಜಾಸ್ತಿಯಾದರೆ ಹೇರು ಜಾಸ್ತಿಯಾಗುತ್ತದೆ, ಅದು ಮನುಷ್ಯ ಸ್ವಭಾವ. ಹತ್ತಿದ ಗಾಡಿ ಇಳಿಯಲೂ ಬೇಕಲ್ವಾ. ನಮ್ಮದಕ್ಕೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಇರಲಿಲ್ಲ. ಎಂಜಿನ್‌ಗೆ ಕೈ ಹಾಕಿದ ವಾರವೇ ಲೈನರ್, ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸತು ಹಾಕಿಸಿದೆ.

ಮೊದಲ ಸ್ಟಾರ್ಟ್

ಆಯಿಲ್ ತುಂಬಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಕಿಡಿ ಹತ್ತದ ಹಾಗೆ ಕಾಯಿಲ್ ವೈರ್ ಕಿತ್ತು, ಸ್ಟಾರ್ಟರ್ ಅನ್ನು ಬಿಟ್ಟು ಬಿಟ್ಟು ತಿರುಗಿಸಿ. ಆಯಿಲ್ ಲೈಟ್ ಆರಿದ ಮೇಲೆಯೇ ವೈರ್ ಹಾಕಿ ಸ್ಟಾರ್ಟ್. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಒಬ್ಬರ ಕಣ್ಣು ಪೆಟ್ರೋಲ್ ಪೈಪಿನ ಮೇಲಿರಲಿ. ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಆರಿಸಿ, ಪೂರ್ತಿ ತಣಿದ ಮೇಲೆ ಕೂಲೆಂಟ್ ಮಟ್ಟ ನೋಡಿ. ಗಾಳಿ ಹೊರಟು ಕಡಿಮೆಯಾಗಿರುತ್ತದೆ.

ಮೊದಲ ವಾರ ಖಾಲಿ ಗಾಡಿ ಮಾತ್ರ. ಮೂರನೇ ಸುತ್ತಿಗೇ ನಮ್ಮ ಬಲಬದಿಯ ಮೌಂಟಿಂಗ್ ಬೋಲ್ಟ್ ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿದ ಇಚ್ಚ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಗೆರೆ ಎಳೆದರು. ಈಗ ಸ್ಪ್ಯಾನರ್ ಬೇಕಿಲ್ಲ. ಬೆಳಿಗ್ಗೆ ಬಗ್ಗಿ ನೋಡಿದರೆ ಸಾಕು, ಗೆರೆ ಸರಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.