ಜಾತಕ ಕೂಡಿ ಬರ್ಲಿಲ್ಲ, ಜೇನು ಕೂಡಿ ಬಂತು

ನಮ್ಮ ಸಿರ್ಸಿ ಕಡೆ ಮೂವತ್ತು ದಾಟಿದ, ತೋಟ ನೋಡ್ಕೊಂಡು ಮನೇಲೇ ಇರೋ ಮಾಣಿಯ, ಅಂದ್ರೆ ಹುಡುಗನ ಪರಿಸ್ಥಿತಿ ಏನು ಅಂತ ಈ ಭಾಗದವ್ರಿಗೆ ಹೇಳೋದೇ ಬೇಡ. ಹೆಣ್ಣಿನ ಕಡೆಯವ್ರು ಯಾರೂ ಮುಖಕ್ಕೆ ಹೊಡ್ದಂಗೆ ಬೇಡ ಅನ್ನಲ್ಲ, "ಜಾತಕ ಹೊಂದ್ತಿಲ್ಲೆ" ಅಂತಾರೆ ಅಷ್ಟೆ. ಬೆಂಗ್ಳೂರಲ್ಲಿ ಸಾಫ್ಟ್‌ವೇರ್ ಕೆಲ್ಸ ಇದ್ದಿದ್ರೆ ಅದೇ ಜಾತಕ ಚೆನ್ನಾಗೇ ಹೊಂದ್ತಿತ್ತು. ನಂಗೆ ಎಷ್ಟು ಮನೆಯಿಂದ ಹಂಗೆ ಬಂತು ಅಂತ ನಾನಂತೂ ಲೆಕ್ಕ ಇಟ್ಟಿಲ್ಲ, ಆಯಿ, ಅಂದ್ರೆ ಅಮ್ಮ, ಇಟ್ಟಿರಬಹುದು.

ಅದಾದ್ರೂ ತಡ್ಕೋಬಹುದು, ಮಳೆಗಾಲ ತಡ್ಕೊಳ್ಳೋದು ಕಷ್ಟ ಇತ್ತು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡ್ಸೋ ದಿನ ಬಿಟ್ರೆ ಅಂಗಳಕ್ಕೆ ಒಂದು ಜನ ಬರಲ್ಲ, ಕರೆಂಟ್ ಹೋದ್ರೆ ಹೋಯ್ತು, ಫೋನಿಗೆ ಸಿಗ್ನಲ್ ಬೇಕಂದ್ರೆ ಸೊಪ್ಪಿನ ಬೆಟ್ಟ ಹತ್ಬೇಕು, ಹತ್ತಿ ನೋಡಿದ್ರೆ ಕ್ಲಾಸ್‌ಮೇಟ್ಸ್ ಗ್ರೂಪಲ್ಲಿ ಯಾರದ್ದೋ ಮಗುವಿನ ನಾಮಕರಣದ ಫೋಟೋ. ಊರಲ್ಲಿ ಉಳಿದವ್ರೆಲ್ಲ ಅರವತ್ತರ ಮೇಲಿನವ್ರು, ಅವ್ರ ಹತ್ರ ಅಡಿಕೆ ರೇಟ್ ಬಿಟ್ರೆ ಬೇರೆ ಮಾತು ಹೊರಡ್ತಿರ್ಲಿಲ್ಲ. ಹಂಗಂತ ನಾನು ಅಂದ್ಕೊಂಡಿದ್ದೆ.

ಜೇನು ಸಾಕೋಕೆ ಕೈ ಹಾಕಿದ್ದು ತೋಟದ ಜೊತೆ ನಾಲ್ಕು ಕಾಸು ಬರ್ಲಿ ಅಂತ. ಕಲಿಸಿದ್ದು ಮೇಲಿನಕೇರಿ ಅಜ್ಜ. ಅವ್ರದ್ದೇ ಒಂದು ಕಥೆ ಇದೆ, 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅಂತ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆಲ್ಲ, ಅಂದ್ರೆ ಪೆಟ್ಟಿಗೇಲಿ ಸಾಕೋ ನಮ್ಮ ನಾಡ ಜೇನಿಗೆಲ್ಲ ಬಂತಲ್ಲ, ಮರಿಹುಳು ಒಳಗೆ ನೀರು ತುಂಬಿ ಚೀಲದಂಗಾಗಿ ಸಾಯ್ತಿತ್ತು, ಆವಾಗ ಅಜ್ಜರ ಪೆಟ್ಟಿಗೆ ಒಂದೂ ಉಳೀದೇ ಖಾಲಿ. ಆಮೇಲೆ ಕಾಡಲ್ಲಿ, ಹುತ್ತದಲ್ಲಿ ಬದುಕುಳಿದಿದ್ದ ಜೇನು ಕುಟುಂಬ ಹುಡುಕಿ ತಂದು ಮತ್ತೆ ಶುರು ಮಾಡಿದ್ರಂತೆ. ಬೇಜಾರಾಗ್ಲಿಲ್ವಾ ಅಂತ ಕೇಳಿದ್ರೆ ಕವಳ (ಎಲೆ ಅಡಿಕೆ) ತುಂಬಿದ ಬಾಯಲ್ಲಿ "ಖಾಲಿ ಪೆಟ್ಟಿಗೆ ಎಂತ ಮಾಡದು ಮತ್ತೆ" ಅಂದ್ರು, ಅಷ್ಟೇ ಉತ್ತರ.

ಒಂದೆರಡು ವರ್ಷ ಆದ್ಮೇಲೆ ಜನ ನಂಗೆ ಫೋನ್ ಮಾಡೋಕೆ ಶುರು ಮಾಡಿದ್ರು, ಅಟ್ಟದಲ್ಲಿ ಜೇನು ಕೂತಿದೆ ಬಾ, ಬಚ್ಚಲ ಗೋಡೆಲಿ ಕೂತಿದೆ ಬಾ ಅಂತ. ಆ ಕೆಲ್ಸ ಹೆಂಗೆ ಅಂದ್ರೆ, ಮಧ್ಯಾಹ್ನ ಮೇಲೆ ಹೋಗ್ಬೇಕು, ತೆಂಗಿನ ಸಿಪ್ಪೆ ಹೊಗೆ ಸ್ವಲ್ಪ ಕೊಡ್ಬೇಕು, ಜಾಸ್ತಿ ಕೊಟ್ರೆ ಕೆಡುತ್ತೆ. ಎರಿ, ಅಂದ್ರೆ ಗೂಡಿನ ಮೇಣದ ಹಾಳೆ, ಒಂದೊಂದೇ ಚಾಕುವಲ್ಲಿ ಕೊಯ್ದು, ಮೇಲಿನ ಜೇನುತುಪ್ಪದ ಭಾಗ ಮನೆಯವ್ರಿಗೆ ಕೊಟ್ಟು, ಮೊಟ್ಟೆ ಮರಿ ಇರೋ ಭಾಗ ಫ್ರೇಮಿಗೆ ಕೂರ್ಸಿ ಬಾಳೆ ನಾರಲ್ಲಿ ಕಟ್ಬೇಕು. ಆ ನಾರನ್ನ ಆಮೇಲೆ ಹುಳಗಳೇ ಕಡ್ದು ಹೊರಗೆ ಹಾಕ್ತವೆ, ಅಷ್ಟೊತ್ತಿಗೆ ಎರಿಗೆ ಮೇಣ ಹಾಕಿ ಅಂಟಿಸ್ಕೊಂಡಿರ್ತವೆ. ಎಲ್ಲ ನಿಂತಿರೋದು ರಾಣಿ ಮೇಲೆ. ಅವಳು ಪೆಟ್ಟಿಗೆ ಒಳಗೆ ಹೋದ್ಲು ಅಂದ್ರೆ ಬಾಗ್ಲಲ್ಲಿ ನಾಲ್ಕು ಹುಳ ಹಿಂಭಾಗ ಎತ್ತಿ ರೆಕ್ಕೆ ಬೀಸೋಕೆ ನಿಲ್ತವೆ, ಉಳಿದವು ಸಾಲಾಗಿ ಒಳಗೆ ನಡ್ಕೊಂಡು ಹೋಗ್ತವೆ, ಎಷ್ಟು ಸಲ ನೋಡಿದ್ರೂ ನಂಗೆ ಬೇಜಾರು ಬಂದಿಲ್ಲ.

ಅಲ್ಲಿಗೆ ಕೆಲ್ಸ ಮುಗೀತು ಅಂದ್ಕೋಬೇಡಿ. ಮೇಯೋಕೆ ಹೋದವೆಲ್ಲ ವಾಪಸ್ ಬರ್ಬೇಕು, ಅಂದ್ರೆ ಕತ್ಲೆ ಆಗೋವರೆಗೂ ಪೆಟ್ಟಿಗೆ ಎತ್ತೋ ಹಾಗಿಲ್ಲ. ನಂಗೆ ಜನ ಸಿಕ್ಕಿದ್ದು ಇಲ್ಲೇ ನೋಡಿ. ಸುಮ್ನೆ ಇನ್ನೊಬ್ರ ಮನೆ ಜಗಲಿಲಿ ಮೂರು ತಾಸು ಕೂತ್ಕೊಳ್ಳೋಕೆ ನನ್ನಂಥವನಿಗೆ ಯಾವ ನೆಪ ಇದೆ, ಹೋದ್ರೂ "ಮಾಣಿಗೆ ಎಂತಾದ್ರೂ ಆತನ?" ಅಂತ ಮದ್ವೆ ಮಾತು ಶುರು ಆಗುತ್ತೆ. ಈಗ ಹಂಗಲ್ಲ, ಕರ್ದಿದ್ದು ಅವ್ರು, ಕಾಯ್ಬೇಕಾಗಿರೋದು ಕೆಲ್ಸಕ್ಕೆ. "ಆಸ್ರಿಗೆ ಎಂತ ಮಾಡ್ಲಿ" ಅಂತ ಕುಡಿಯೋಕೆ ಏನು ಬೇಕು ಕೇಳ್ತಾರೆ, ಕವಳದ ತಟ್ಟೆ ಮುಂದೆ ಬರುತ್ತೆ, ಮಕ್ಕಳು ಜೇನು ಕಚ್ಚಿದ್ರೆ ಎಷ್ಟು ನೋವು ಅಂತ ಕೇಳ್ತವೆ, ಅಡಿಕೆ ರೇಟ್ ಮುಗಿದ್ಮೇಲೆ ಮನೆ ಯಜಮಾನ್ರು ಮಗ ಫೋನ್ ಮಾಡದೇ ಎಷ್ಟು ದಿನ ಆಯ್ತು ಅಂತ ಹೇಳ್ತಾರೆ. ಆ ಮನೆಗಳಲ್ಲೂ ನನ್ನಷ್ಟೇ ಒಬ್ಬಂಟಿ ಜನ ಇದ್ರು, ಮಾತು ಹೊರಡೋಕೆ ಟೈಮ್ ಬೇಕಿತ್ತು.

ಹೇಳ್ದೇ ಇರೋಕಾಗಲ್ಲ, ಜಾತಕ ಹೊಂದ್ಲಿಲ್ಲ ಅಂದಿದ್ದ ಒಂದು ಮನೆಯಿಂದಲೂ ಫೋನ್ ಬಂತು, ಕೊಟ್ಟಿಗೆ ಮಾಡಿನ ಸಂದಿಲಿ ಜೇನು. ಹೋದೆ. ಆ ಹುಡುಗಿ ಮದ್ವೆ ಆಗಿ ಪುಣೆಲಿದ್ಳು. ಅವ್ಳ ಅಪ್ಪ ಮೊದ್ಲು ನನ್ನ ಮುಖ ನೋಡ್ಲಿಲ್ಲ, ಕತ್ಲೆ ಆಗೋ ಹೊತ್ತಿಗೆ ಟಾರ್ಚ್ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ರು. ಈಗ ಅವ್ರ ತೋಟದಲ್ಲೂ ಪೆಟ್ಟಿಗೆ ಇದೆ, ಹೊಸ ರಾಣಿ ಬೆಳೆಯೋ ಕೋಶ ಕಂಡ್ರೆ ಕುಟುಂಬ ಎರಡು ಪಾಲು ಮಾಡ್ಬೇಕಾ ಅಂತ ನಂಗೇ ಫೋನ್.

ಜೇನುತುಪ್ಪ ಮಾರೋದ್ರಲ್ಲೂ ಬೇಡ ಅನ್ನೋ ಮಾತು ಕಮ್ಮಿ ಏನಿಲ್ಲ. ಬೆಂಗ್ಳೂರಿನ ಒಂದು ಅಂಗ್ಡಿಯವ್ರು ನೀರು ಜಾಸ್ತಿ ಅಂತ ವಾಪಸ್ ಕಳ್ಸಿದ್ರು. ತುಡುವೆ ತುಪ್ಪ ತೆಳ್ಳಗೇ ಇರೋದು, ಆದ್ರೆ ನೀರಿನಂಶ ನೂರಕ್ಕೆ 20ರ ಒಳಗಿರ್ಬೇಕು ಅನ್ನೋದು ನಿಯಮ, ಅದಕ್ಕೇ ಎರಿಯ ಕೋಣೆಗೆಲ್ಲ ಮೇಣದ ಮುಚ್ಚಳ ಬಿದ್ಮೇಲೇ ತೆಗೀತೀನಿ. ಇನ್ನು ಕೆಲವ್ರು ಬಾಟ್ಲಿ ತಳದಲ್ಲಿ ಹರಳು ಕಟ್ಟಿದ್ದು ನೋಡಿ ಸಕ್ರೆ ಪಾಕ ಅಂತಾರೆ. ಅದು ಗ್ಲೂಕೋಸ್ ಹರಳು, ಬಿಸಿನೀರಲ್ಲಿ ಬಾಟ್ಲಿ ಇಟ್ರೆ ಕರಗುತ್ತೆ. ವಾದ ಮಾಡೋದು ಬಿಟ್ಟು ಮನೆಗೇ ಕರ್ದು ತೆಗೆಯೋದು ತೋರಿಸ್ತೀನಿ, ನೋಡಿ ಹೋದವ್ರು ಪ್ರತಿ ವರ್ಷ ತಗೋತಾರೆ.

ಮದ್ವೆ ಆಯ್ತಾ ಅಂದ್ರೆ ಇಲ್ಲ, ಆಯಿ ಇನ್ನೂ ಜಾತಕ ಕಳಿಸ್ತಾ ಇದ್ದಾಳೆ. ಆದ್ರೆ ಆಷಾಢದ ಮಳೇಲೂ ಈಗ ಮನೇಲಿ ಕೂರೋಕೆ ಪುರುಸೊತ್ತಿಲ್ಲ, ಹೂ ಇಲ್ದಿದ್ರೆ ತುಡುವೆ ಪೆಟ್ಟಿಗೆ ಬಿಟ್ಟು ಹೋಗಿಬಿಡುತ್ತೆ, ಹುಳಗಳಿಗೆ ತಿನ್ನೋಕೆ ಸಕ್ರೆ ಪಾಕ ಇಡೋಕೆ ಅಕ್ಕಪಕ್ಕದ ಊರೆಲ್ಲ ಸುತ್ಬೇಕು.

ಯಾರಾದ್ರೂ ಶುರು ಮಾಡೋದಿದ್ರೆ ಮಳೆ ಕಳೆದ್ಮೇಲೆ ಮಾಡಿ. ಒಂದಲ್ಲ, ಎರಡು ಪೆಟ್ಟಿಗೆ ಇಡಿ, ಒಂದರಲ್ಲಿ ರಾಣಿ ಸತ್ರೆ ಇನ್ನೊಂದರಿಂದ ಮೊಟ್ಟೆ ಇರೋ ಎರಿ ಕೊಟ್ಟು, ಅದರಿಂದ ಹೊಸ ರಾಣಿ ಬೆಳೆಸ್ಕೊಳ್ಳೋ ಹಾಗೆ ಮಾಡಿ ಉಳಿಸ್ಬಹುದು. ಸ್ಟ್ಯಾಂಡ್ ಕಾಲಿಗೆ ನೀರಿನ ಬಟ್ಟಲು ಇಡ್ಲೇಬೇಕು, ಇಲ್ಲಾಂದ್ರೆ ಇರುವೆ ಹತ್ತುತ್ತೆ.